ಸುತ್ತುಗೆರೆಯ ನಡುವಿನ ಅಂಕಿ

ಕಬ್ಬು ಅರೆಯುವ ದಿನಗಳಲ್ಲಿ ಬೆಳಗಿನ ಮಂಡ್ಯಕ್ಕೆ ಕುದಿಯುವ ಕಬ್ಬಿನಹಾಲಿನ ವಾಸನೆ. ಕಾರ್ಖಾನೆಯ ಕಡೆಗೆ ಹೊರಟ ಎತ್ತಿನ ಗಾಡಿ, ಟ್ರ್ಯಾಕ್ಟರು, ಲಾರಿಗಳ ಹಿಂದೆ ಉದುರಿದ ಸೋಗೆ ರಸ್ತೆಯ ಅಂಚಿನಲ್ಲಿ ಬಿದ್ದು ಚಕ್ರಕ್ಕೆ ಸಿಕ್ಕಿ ಚರಚರ ಅನ್ನುತ್ತದೆ. ಆ ಸದ್ದು ಸ್ವಲ್ಪ ಹಿಂದೆ ಉಳಿಯುವ ಒಂದು ಅಡ್ಡರಸ್ತೆಯಲ್ಲಿ, ಹೆಂಚಿನ ಮನೆಯ ಜಗುಲಿಯ ಮೇಲೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರೊಬ್ಬರು ಆಗಲೇ ಮೇಜು ಹಾಕಿಕೊಂಡು ಕುಳಿತಿರುತ್ತಾರೆ. ಮೇಜಿನ ಮೇಲೆ ಒಂದು ಭೂತಗನ್ನಡಿ, ತುದಿ ಚಪ್ಪಟೆಯಾದ ಚಿಮುಟ, ರೂಲು ಹಾಕಿದ ನೋಟುಬುಕ್ಕು, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ. ಡಬ್ಬದ ಮುಚ್ಚಳ ತೆಗೆದರೆ ಹಳೆಯ ಕಾಗದದ್ದೇ ಆದ ಒಣ, ಧೂಳಿನ ವಾಸನೆ ಏಳುತ್ತದೆ.

"ಬನ್ನಿ, ಕುಂತ್ಕಳಿ. ನೆಳ್ಳು ಮಾತ್ರ ಬೀಳಿಸ್ಬೇಡಿ," ಅನ್ನುತ್ತಾರೆ. ನೀವೂ ನನ್ನ ಜೊತೆ ಈ ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳಿ. ಮಾತು ಬೇಡ, ಕಣ್ಣು ಸಾಕು.

ಡಬ್ಬದಿಂದ ಚಿಮುಟದಲ್ಲಿ ಎತ್ತಿ ಕಪ್ಪು ಹಲಗೆಯ ಮೇಲೆ ಇಡುವುದು ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಗದದ ಚೂರು. ಜರ್ಮನಿಯ ಬಾಡನ್ ಅನ್ನುವ ರಾಜ್ಯದ ಅಂಚೆಚೀಟಿ. ಗುಲಾಬಿ ಬಣ್ಣದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ 9 ಎಂದು ಅಚ್ಚಾಗಿದೆ, ಅದು ಬೆಲೆ, ಒಂಬತ್ತು ಕ್ರಾಯ್ಟ್ಸರ್. ಆದರೆ ಮೇಷ್ಟ್ರ ಕಣ್ಣು ಆ ಒಂಬತ್ತರ ಮೇಲಿಲ್ಲ. ಅದರ ಮೇಲೆ ಯಾರೋ ಗುಮಾಸ್ತ ಕುಟ್ಟಿದ ಮುದ್ರೆಯ ಮೇಲಿದೆ. ಒಂದರೊಳಗೊಂದು ಐದು ಸುತ್ತುಗೆರೆ, ನಟ್ಟನಡುವೆ ಇನ್ನೊಂದು ಅಂಕಿ. ಊರ ಹೆಸರಿಲ್ಲ, ತಾರೀಖಿಲ್ಲ, ಬರೀ ಅಂಕಿ. ಕಪ್ಪು ಅಚ್ಚಿನ ಮೇಲೆ ಕಪ್ಪು ಮುದ್ರೆ ಬಿದ್ದಿರುವುದರಿಂದ ನೇರ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಮೇಷ್ಟ್ರು ಹಲಗೆಯನ್ನು ಬೆಳಕಿನ ಕಡೆಗೆ ಓರೆ ಮಾಡುತ್ತಾರೆ, ಮತ್ತಷ್ಟು ಓರೆ ಮಾಡುತ್ತಾರೆ. ಅಡ್ಡಬೆಳಕು ಸವರಿಕೊಂಡು ಹೋದಾಗ ಅಚ್ಚಿನ ಮಸಿ ಮಂಕಾಗಿ, ಮುದ್ರೆಯ ಎಣ್ಣೆಮಸಿ ಮಾತ್ರ ಒಂದು ಕ್ಷಣ ಮಿಂಚುತ್ತದೆ. ಎಂಟು. ಅದರ ಪಕ್ಕದಲ್ಲಿ ಏಳು.

"ಎಂಬತ್ತೇಳು. ಮಾನ್‌ಹೈಮ್ ಕಣ್ರೀ ಇದು!"

ಅವರ ದನಿ ಏರಿದ ರೀತಿಗೆ ಒಳಗಿನಿಂದ ಅವರ ಮನೆಯವರು ಒಮ್ಮೆ ಇಣುಕಿ ನೋಡಿ, ಕಾಫಿಗೆ ಹಾಲು ಇಡಲು ಹೋಗುತ್ತಾರೆ.

ಅಂಚೆಚೀಟಿ ಕೂಡಿಡುವ ಬಹಳ ಮಂದಿಗೆ ಬೇಕಾದದ್ದು ಚೀಟಿಯ ಚಿತ್ರ, ಬಣ್ಣ, ಅಂಚಿನ ಹಲ್ಲು. ಮುದ್ರೆ ಅವರಿಗೆ ಕೊಳೆ. ಮೇಷ್ಟ್ರಂಥ ಕೆಲವರಿಗೆ ಮಾತ್ರ ಆ ಕೊಳೆಯೇ ಮುಖ್ಯ. ಚೀಟಿ ಅಚ್ಚಾದದ್ದು ರಾಜಧಾನಿಯಲ್ಲಿ, ಸಾವಿರಾರು ಒಂದೇ ತರಹ. ಮುದ್ರೆ ಬಿದ್ದದ್ದು ಒಂದು ಊರಿನಲ್ಲಿ, ಒಂದು ಬೆಳಿಗ್ಗೆ, ಒಬ್ಬ ಮನುಷ್ಯನ ಕೈಯಿಂದ. ಒಂದು ಚೀಟಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ಅದೊಂದೇ ಗುರುತು.

ಜರ್ಮನಿ 1871ರಲ್ಲಿ ಒಂದು ಸಾಮ್ರಾಜ್ಯವಾಗುವ ಮೊದಲು ಅದು ಹಲವು ಅರಸೊತ್ತಿಗೆಗಳ ನಾಡು, ಒಂದೊಂದಕ್ಕೂ ತನ್ನದೇ ಅಂಚೆ. ಬವೇರಿಯಾ 1849ರ ನವೆಂಬರ್ 1ರಂದು ಕಪ್ಪು ಬಣ್ಣದ ಒಂದು ಕ್ರಾಯ್ಟ್ಸರ್ ಚೀಟಿ ತಂದಿತು. ಜರ್ಮನ್ ನಾಡಿನ ಮೊದಲ ಚೀಟಿ ಅದು. ಮರುವರ್ಷ ಸ್ಯಾಕ್ಸನಿ ಮತ್ತು ಪ್ರಷ್ಯಾ, 1851ರಲ್ಲಿ ಬಾಡನ್. ಒಮ್ಮೆ ಬಳಸಿದ ಚೀಟಿಯನ್ನು ಮತ್ತೆ ಅಂಟಿಸಿ ಮೋಸ ಮಾಡದಂತೆ ಅದರ ಮೇಲೆ ದಪ್ಪವಾಗಿ ಮಸಿ ಬೀಳಬೇಕು. ಹಾಗೆ ಬೀಳುವ ಮಸಿಯಲ್ಲೇ ಯಾವ ಕಚೇರಿ ಎಂಬುದೂ ತಿಳಿಯಲಿ ಅಂತ ಪ್ರತಿ ಕಚೇರಿಗೂ ಒಂದೊಂದು ಅಂಕಿ ಕೊಟ್ಟರು. ಬಾಡನ್ನಿನದು ಐದು ಸುತ್ತು, ಪ್ರಷ್ಯಾದ್ದು ನಾಲ್ಕು ಸುತ್ತು. ಬವೇರಿಯಾದ್ದನ್ನು ಮೇಷ್ಟ್ರು ಆಲ್ಬಮ್ಮಿನ ಇನ್ನೊಂದು ಹಾಳೆಯಲ್ಲಿ ತೋರಿಸುತ್ತಾರೆ: ನಡುವೆ ಅಂಕಿ, ಸುತ್ತಲೂ ಕಿರಣದಂಥ ದಪ್ಪ ಗೀಟುಗಳು. ಅಲ್ಲಿನವರು ಅದನ್ನು ಹಿಟ್ಟಿನ ಗಿರಣಿಯ ಚಕ್ರ ಅಂತ ಕರೆಯುತ್ತಾರಂತೆ. ಮಂಡ್ಯದಲ್ಲಿ ಕುಳಿತು ನೋಡುವವರಿಗೆ ಅದು ಆಲೆಮನೆಯ ಗಾಣದ ಹಲ್ಲುಚಕ್ರ.

ಅಂಕಿ ಸಿಕ್ಕಿತು ಅಂದಮಾತ್ರಕ್ಕೆ ಊರು ಸಿಕ್ಕಿತು ಅಂತಲ್ಲ. ಮುದ್ರೆ ತಲೆಕೆಳಗಾಗಿ ಬಿದ್ದಿದ್ದರೆ 68 ಎನ್ನುವುದು 89 ಆಗಿ ಕಾಣುತ್ತದೆ. ಚೀಟಿಯ ತಲೆ ಯಾವ ಕಡೆ ಇದೆ ಎಂಬುದನ್ನು ನಂಬುವಂತಿಲ್ಲ, ಅವಸರದ ಗುಮಾಸ್ತ ಯಾವ ದಿಕ್ಕಿನಿಂದಲಾದರೂ ಕುಟ್ಟಿರುತ್ತಾನೆ. ಬವೇರಿಯಾದಲ್ಲಿ ಇನ್ನೊಂದು ತೊಡಕು. ಹೊಸ ಕಚೇರಿಗಳು ತೆರೆದು ಮೊದಲಿನ ಪಟ್ಟಿ ಅಸ್ತವ್ಯಸ್ತವಾದ್ದರಿಂದ 1856ರಲ್ಲಿ ಅಂಕಿಗಳನ್ನೆಲ್ಲ ಮತ್ತೆ ಹೊಸದಾಗಿ ಹಂಚಿದರು. ಮೊದಲು 217 ಆಗಿದ್ದ ಮ್ಯೂನಿಕ್ ಆಮೇಲೆ 325 ಆಯಿತು. ಹಾಗಾಗಿ ಒಂದೇ ಅಂಕಿ ಎರಡು ಕಾಲದಲ್ಲಿ ಎರಡು ಊರು. ಚೀಟಿ ಯಾವ ಸಾಲಿನದು, ಗೀಟುಗಳು ಹೇಗಿವೆ ಎಂದು ನೋಡಿದ ಮೇಲೆಯೇ ತೀರ್ಪು.

ಕಾಫಿ ಬರುತ್ತದೆ. ಲೋಟವನ್ನು ಮೇಜಿನ ಮೇಲೆ ಇಡಗೊಡುವುದಿಲ್ಲ ಅವರು. ಜಗುಲಿಯ ಕಟ್ಟೆಯ ಮೇಲೆ ಇಟ್ಟುಕೊಳ್ಳಬೇಕು. ಕುಡಿಯುತ್ತಾ ನೋಟುಬುಕ್ಕನ್ನು ನನ್ನ ಕಡೆ ತಿರುಗಿಸುತ್ತಾರೆ. ಬಾಡನ್ನಿನ ಊರುಗಳು ಒಂದರ ಕೆಳಗೊಂದು: ಕಾರ್ಲ್ಸ್‌ರೂಹೆ 24, ಫ್ರೈಬುರ್ಗ್ 43, ಹೈಡೆಲ್‌ಬೆರ್ಗ್ 57, ಮಾನ್‌ಹೈಮ್ 87. "ಗಣಿತದ ಮೇಷ್ಟ್ರಿಗೆ ಇದ್ರಲ್ಲೇನಾದ್ರೂ ಕಾಣ್ಬೇಕಲ್ಲ?" ಅಂತ ಅವರೇ ಕೇಳಿ ಅವರೇ ಉತ್ತರ ಹೇಳುತ್ತಾರೆ. ಊರುಗಳನ್ನು ಅಕ್ಷರದ ಸಾಲಿನಲ್ಲಿ ನಿಲ್ಲಿಸಿ ಒಂದರಿಂದ ಎಣಿಸಿಕೊಂಡು ಹೋಗಿದ್ದಾರೆ. ಸಿ, ಎಫ್, ಎಚ್, ಎಂ. ಕಾರ್ಲ್ಸ್‌ರೂಹೆಯನ್ನು ಈಗ ಕೆ ಇಟ್ಟು ಬರೆಯುತ್ತಾರೆ, ಆಗ ಸಿ ಇಟ್ಟು ಬರೆಯುತ್ತಿದ್ದರು, ಅದಕ್ಕೇ ಅದು ಫ್ರೈಬುರ್ಗಿಗಿಂತ ಮುಂದೆ ನಿಂತಿದೆ. ಮುದ್ರೆಯಲ್ಲಿ ಒಂದಂಕಿ ಅಳಿಸಿಹೋಗಿದ್ದರೂ ಅಕ್ಕಪಕ್ಕದ ಊರುಗಳು ಗೊತ್ತಿದ್ದರೆ ಯಾವ ಅಕ್ಷರದ ಸುತ್ತ ಹುಡುಕಬೇಕು ಅಂತ ತಿಳಿಯುತ್ತದೆ.

ನಮ್ಮ ದೇಶದಲ್ಲೂ ಹೀಗೇ ಆಯಿತು ಅನ್ನುವುದು ಆಲ್ಬಮ್ಮಿನ ಮುಂದಿನ ಹಾಳೆಗಳಲ್ಲಿದೆ. 1854ರ ಅಕ್ಟೋಬರ್ 1ರಿಂದ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಅಂಚೆದರ. ಕಲ್ಕತ್ತೆಯಲ್ಲಿ ಅಚ್ಚಾದ ಅರ್ಧಾಣೆಯ ನೀಲಿ ಚೀಟಿ ಹಚ್ಚಿದರೆ ಕಾಲು ತೊಲ ತೂಕದ ಕಾಗದ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ಮರುವರ್ಷದ ಹೊತ್ತಿಗೆ ಬಂಗಾಳ, ಬೊಂಬಾಯಿ, ಮದರಾಸು ವಲಯಗಳ ಕಚೇರಿಗಳಿಗೆ ಅಂಕಿ ಬಂತು. ರಾಣಿಯ ಮುಖದ ಮೇಲೆ ಬಿದ್ದ ಎಂಟುಮೂಲೆಯ ಗೀಟುಗಳ ನಡುವೆ ಬಿ ಅಕ್ಷರ, ಕೆಳಗೆ ಅಂಕಿ ಇದ್ದರೆ ಅದು ಬಂಗಾಳ ವಲಯ. ಆ ವಲಯದ ತೋಳು ಎಷ್ಟು ಉದ್ದವಿತ್ತೆಂದರೆ ಬರ್ಮಾ, ಮಲಯಾದ ಕಡಲತೀರವೆಲ್ಲ ಅದರೊಳಗೇ. ಮಲಾಕ್ಕಾ 109, ಮೌಲ್ಮೇನ್ 127, ಪಿನಾಂಗ್ 147, ರಂಗೂನ್ 156, ಸಿಂಗಪುರ 172. ಇಲ್ಲೂ ಅದೇ ಅಕ್ಷರದ ಸಾಲು. ಭಾರತದ ಚೀಟಿಯ ಮೇಲೆ 124 ಎಂದಿದ್ದು ಬೊಂಬಾಯಿ ವಲಯದ್ದಾದರೆ ಆ ಕಾಗದ ಹಡಗು ಹತ್ತಿದ್ದು ಅರಬ್ಬೀ ಕಡಲಿನ ಆಚೆ ದಡದ ಏಡನ್ನಿನಲ್ಲಿ. ಬೊಂಬಾಯಿಯ ಜಾಲ್ ಕೂಪರರಂಥವರು ಬಾಳಿನ ಬಹುಭಾಗವನ್ನು ಈ ಅಂಕಿಗಳ ಪಟ್ಟಿಗೆ ಕೊಟ್ಟರು. ಸರ್ಕಾರದ ಮೂಲಪಟ್ಟಿ ಇಲ್ಲದ ಕಡೆ ಅವರಿಗೆ ಆಧಾರ ಒಂದೇ, ಹರಿಯದೆ ಉಳಿದ ಇಡೀ ಕವರು. ಅಂಕಿಯ ಮುದ್ರೆ ಚೀಟಿಯ ಮೇಲೆ, ಊರು ತಾರೀಖಿನ ಮುದ್ರೆ ಪಕ್ಕದ ಬರಿ ಜಾಗದಲ್ಲಿ. ಎರಡೂ ಒಂದೇ ಕಾಗದದ ಮೇಲೆ ಸಿಕ್ಕಿದರೆ ಅಂಕಿಗೆ ಊರು ಸಿಕ್ಕಿದಂತೆ. ಯಾರೋ ಚೀಟಿಯನ್ನಷ್ಟೇ ನೀರಲ್ಲಿ ನೆನೆಸಿ ಬಿಡಿಸಿಕೊಂಡು ಕವರನ್ನು ಒಲೆಗೆ ಹಾಕಿದ್ದರೆ ಆ ಅಂಕಿ ಅನಾಥ.

ಮಧ್ಯಾಹ್ನದ ರೈಲಿಗೆ ಮೇಷ್ಟ್ರ ಜೊತೆ ಮದ್ದೂರಿಗೆ ಹೊರಟಾಗ ಅವರ ಜೇಬಿನಲ್ಲಿ ಕೆಲವು ಪೋಸ್ಟ್ ಕಾರ್ಡುಗಳಿವೆ, ತಮ್ಮ ವಿಳಾಸವನ್ನು ತಾವೇ ಬರೆದುಕೊಂಡವು. ಬೆಂಗಳೂರು ಮೈಸೂರು ನಡುವೆ 1882ರ ಹೊತ್ತಿಗೆ ಪೂರ್ತಿಯಾದ ಈ ದಾರಿಯಲ್ಲಿ ಗಾಡಿ ಹೊರಟಿತೋ ಇಲ್ಲವೋ ಎರಡೂ ಕಡೆ ಗದ್ದೆ ಬಯಲು, ನಾಲೆಯ ಏರಿ, ಕಬ್ಬಿನ ತೋಟದ ನಡುವೆ ಆಲೆಮನೆಯ ಹೊಗೆ. ಮದ್ದೂರು ಹತ್ತಿರವಾದಂತೆ ಬೋಗಿಯ ಬಾಗಿಲಲ್ಲಿ ವಡೆಯ ಬುಟ್ಟಿ ಕಾಣಿಸುತ್ತದೆ. ಅಕ್ಕಿಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಕರಿಬೇವು ಬೆರೆತು ಎಣ್ಣೆಯಲ್ಲಿ ಗರಿಗರಿಯಾದ ವಡೆಯ ಘಮ ಇಡೀ ಬೋಗಿಗೆ ಹಬ್ಬುತ್ತದೆ. ಮೇಷ್ಟ್ರು ಒಂದನ್ನು ಕಾಗದದಲ್ಲಿ ಹಿಡಿದು ತಿನ್ನುತ್ತಾ, ಎಡಗೈಯಲ್ಲಿ ಜೇಬನ್ನು ಒತ್ತಿ ಹಿಡಿದಿದ್ದಾರೆ, ಕಾರ್ಡಿಗೆ ಎಣ್ಣೆ ತಾಕಬಾರದು.

ಅಂಚೆ ಕಚೇರಿಯೊಳಗೆ ಕಾಲಿಟ್ಟರೆ ಅರಗು, ಸುತಲಿ ದಾರ, ಮಸಿಪ್ಯಾಡು, ಗೋಣಿಯ ಹಳೆಯ ಪರಿಚಯದ ವಾಸನೆ. ಕೌಂಟರಿನ ಮುಂದೆ ಪಿಂಚಣಿಗೆ ಬಂದ ಅಜ್ಜಿಯರು, ಆಧಾರ್ ತಿದ್ದಿಸಲು ಬಂದ ಹುಡುಗರು. ಒಳಗಡೆ, ರಬ್ಬರಿನ ದಪ್ಪ ಹಾಳೆ ಹಾಸಿದ ಮೇಜಿನ ಮೇಲೆ ಒಬ್ಬರು ಮುದ್ರೆ ಹೊಡೆಯುತ್ತಿದ್ದಾರೆ. ಮರದ ಹಿಡಿಯ ಉಕ್ಕಿನ ಮುದ್ರೆ ಪ್ಯಾಡಿಗೆ ಒಮ್ಮೆ, ಕಾಗದಕ್ಕೆ ಒಮ್ಮೆ. ಠಪ್, ಟಕ್. ಠಪ್, ಟಕ್. ಎಡಗೈ ಕಾಗದವನ್ನು ಸರಿಸುತ್ತದೆ, ಬಲಗೈ ಮೇಲೆದ್ದು ಇಳಿಯುತ್ತದೆ, ಕಣ್ಣು ಮಾತ್ರ ಅಲ್ಲಿಲ್ಲ, ಪಕ್ಕದವರ ಜೊತೆ ಮಾತು ನಡೆದೇ ಇದೆ. ದಿನಾ ಬೆಳಿಗ್ಗೆ ಮುದ್ರೆಯ ಹೊಟ್ಟೆಯೊಳಗಿನ ತಾರೀಖಿನ ಅಚ್ಚನ್ನು ಬದಲಿಸಬೇಕು; ಬದಲಿಸಿದ್ದು ಸರಿಯಿದೆಯೇ ಎಂದು ನೋಡಲು ಮೊದಲ ಪೆಟ್ಟನ್ನು ಅದಕ್ಕೆಂದೇ ಇಟ್ಟ ಒಂದು ಪುಸ್ತಕದಲ್ಲಿ ಹೊಡೆಯಬೇಕು. ಆ ಪುಸ್ತಕವನ್ನು ದೂರದಿಂದ ನೋಡುವಾಗ ಮೇಷ್ಟ್ರ ಮುಖದಲ್ಲಿ ಆಸೆ ಎದ್ದು ಕಾಣುತ್ತದೆ. ಎಷ್ಟೊಂದು ಬೆಳಗುಗಳು, ಒಂದರ ಕೆಳಗೊಂದು!

"ಮೇಷ್ಟ್ರೇ, ಇವತ್ತೂ ಕಾರ್ಡ್ ತಂದ್ರಾ?"

"ತಂದಿವ್ನಿ ಕಣಪ್ಪ. ಒಸಿ ನಿಧಾನಕ್ಕೆ ಹೊಡಿ. ಅಲುಗಾಡಿಸ್ಬೇಡ."

ಆ ಮನುಷ್ಯ ಮಾತು ನಿಲ್ಲಿಸಿ, ಮುದ್ರೆಯನ್ನು ಹಳೆಯ ಬಟ್ಟೆಯಲ್ಲಿ ಒರೆಸಿ, ಪ್ಯಾಡಿಗೆ ಮೆಲ್ಲಗೆ ತಾಗಿಸಿ, ಕಾರ್ಡಿನ ಚೀಟಿಯ ಮೂಲೆಗೆ ನೇರವಾಗಿ ಇಳಿಸಿ ಒತ್ತುತ್ತಾರೆ. ಎತ್ತಿದಾಗ ದುಂಡನೆಯ ಗೆರೆಯೊಳಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಮದ್ದೂರು, ನಡುವೆ ಈ ದಿನ, ಜೊತೆಗೆ ಆರಂಕಿ: 571428. ಮೇಷ್ಟ್ರು ಊದುವುದಿಲ್ಲ, ಬೆರಳು ತಾಕಿಸುವುದಿಲ್ಲ, ಮಸಿ ತಾನಾಗಿ ಆರುವ ತನಕ ಕಾಯುತ್ತಾರೆ. ಐವತ್ತು ಪೈಸೆಯ ಕಾರ್ಡಿಗೆ ಅಷ್ಟು ಮರ್ಯಾದೆ ಕೊಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಿನ್ ಕೋಡ್ ನಮ್ಮಲ್ಲಿ ಬಂದದ್ದು 1972ರ ಆಗಸ್ಟ್ 15ರಂದು. ಅಂಚೆ ಇಲಾಖೆಯಲ್ಲಿದ್ದ ಸಂಸ್ಕೃತ ಕವಿ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಏರ್ಪಾಡು. ಮೊದಲ ಅಂಕಿ ವಲಯಕ್ಕೆ, ಮೊದಲ ಮೂರು ಸೇರಿ ಕಾಗದ ವಿಂಗಡಿಸುವ ಜಿಲ್ಲೆಗೆ, ಕೊನೆಯ ಮೂರು ಬಟವಾಡೆಯ ಕಚೇರಿಗೆ. ಇದು ಎಲ್ಲರೂ ಶಾಲೆಯಲ್ಲಿ ಓದಿದ್ದೇ. ಮೇಷ್ಟ್ರು ಹಿಡಿದದ್ದು ಕೊನೆಯ ಮೂರರ ಗುಟ್ಟು, ಅದನ್ನು ಮಳವಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹೇಳುತ್ತಾರೆ. ಬಸ್ಸು ಕೆ.ಎಂ. ದೊಡ್ಡಿಯಲ್ಲಿ ನಿಂತಿದೆ, ಎಳನೀರಿನ ಗಾಡಿಯವನು ಮಚ್ಚು ಬೀಸುತ್ತಿದ್ದಾನೆ, ಸೀಟಿನ ಕೆಳಗೆ ಯಾರದೋ ಕೋಳಿ ಕೊಕ್ಕೊಕ್ಕೋ ಅನ್ನುತ್ತಿದೆ.

"ಇದು 422. ಇಲ್ಲಿಂದ ಎಣಿಸ್ತಾ ಬನ್ನಿ," ಎಂದು ಬೆರಳು ಮಡಿಸತೊಡಗುತ್ತಾರೆ. ಹಿಂದಿನದು ಹಲಗೂರು 421. ಕೆ.ಎಂ. ದೊಡ್ಡಿ, ಅಂದರೆ ಕಾಳಮುದ್ದನದೊಡ್ಡಿ, 422. ಕಿರುಗಾವಲು 424. ಕೃಷ್ಣರಾಜಪೇಟೆ 426. ಮದ್ದೂರು 428. ಮಳವಳ್ಳಿ 430. ಮೇಲುಕೋಟೆ 431. ನಾಗಮಂಗಲ 432. ಪಾಂಡವಪುರ 434. ಶ್ರೀರಂಗಪಟ್ಟಣ 438. ಎಲ್ಲಕ್ಕೂ ಮುಂದೆ 571 ಸೇರಿಸಿಕೊಳ್ಳಿ. ಎಚ್, ಕೆ, ಎಂ, ಎನ್, ಪಿ, ಎಸ್. ಜಿಲ್ಲೆಯ ಮುಖ್ಯ ಕಚೇರಿ ಮಂಡ್ಯ 401 ಆಗಿ ತಲೆಯಲ್ಲಿ ನಿಂತರೆ, ಮಿಕ್ಕ ಊರುಗಳು ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಹಾಜರಿ ಹೇಳಿದಂತೆ ನಿಂತಿವೆ. ಮೇಲಕ್ಕೆ ಹೋದರೂ ಹಾಗೇ: ಬೆಳಕವಾಡಿ 417, ಬೆಳ್ಳೂರು 418, ಬೆಸಗರಹಳ್ಳಿ 419. ಆದರೆ ಆದಿಚುಂಚನಗಿರಿಯ ಬಿ.ಜಿ. ನಗರ? ಬಿ ಅಕ್ಷರದ ಊರು, ಅಂಕಿ ಮಾತ್ರ 448, ಇವರೆಲ್ಲರ ಹಿಂದೆ. ಸಾಲಿನಲ್ಲಿ ತಡವಾಗಿ ಬಂದು ಸೇರಿಕೊಂಡವರಿಗೆ ಬಾಲದಲ್ಲೇ ಜಾಗ. ಬವೇರಿಯಾದವರಿಗೆ ಅಂಕಿಗಳನ್ನು ಹೊಸದಾಗಿ ಹಂಚುವ ಗೋಳು ತಂದಿಟ್ಟದ್ದೂ ಇದೇ, ಪಟ್ಟಿ ಮುಗಿದ ಮೇಲೆ ಹುಟ್ಟುವ ಕಚೇರಿಗಳು. ಕಾರ್ಲ್ಸ್‌ರೂಹೆಯ ಹಾಗೆ ಹೆಸರು ಬದಲಾದ ಊರೂ ಇಲ್ಲಿದೆ. ಹೈದರ್, ಟಿಪ್ಪು ಕಾಲದ ಫ್ರೆಂಚ್ ದಂಡು ಬೀಡುಬಿಟ್ಟದ್ದಕ್ಕಾಗಿ ಹಳೆಯ ನಕ್ಷೆಗಳಲ್ಲಿ ಫ್ರೆಂಚ್ ರಾಕ್ಸ್ ಎಂದೇ ಇದ್ದ ಪಾಂಡವಪುರ. ಆ ಹೆಸರೇ ಉಳಿದಿದ್ದರೆ ಎಫ್ ಅಕ್ಷರಕ್ಕೆ, ಹಲಗೂರಿಗಿಂತ ಮುಂದಕ್ಕೆ ಹೋಗಿ ನಿಲ್ಲಬೇಕಿತ್ತು.

ಬಸ್ಸು ಹೊರಟಿತು. ನೂರಿಪ್ಪತ್ತು ವರ್ಷಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಕಾಣದ ಗುಮಾಸ್ತರು, ಒಬ್ಬ ರೈನ್ ನದಿಯ ದಡದಲ್ಲಿ, ಒಬ್ಬ ಕಲ್ಕತ್ತೆಯಲ್ಲಿ, ಇನ್ನೊಬ್ಬ ನಮ್ಮಲ್ಲೇ ಎಲ್ಲೋ, ಒಂದೇ ತರಹ ಊರುಗಳ ಪಟ್ಟಿ ಬರೆದು ಪಕ್ಕದಲ್ಲಿ ಅಂಕಿ ಹಾಕುತ್ತ ಕುಳಿತ ಚಿತ್ರ ಕಣ್ಣ ಮುಂದೆ ಬಂದು ನನಗೆ ನಿಜಕ್ಕೂ ಮೈ ಜುಮ್ಮೆಂದಿತು.

ಮಳವಳ್ಳಿಗೆ ರೈಲಿಲ್ಲ. ಇಲ್ಲಿಗೆ ಕಾಗದ ಬರಬೇಕಾದದ್ದು ರಸ್ತೆಯಲ್ಲೇ. ಸಂತೆಯ ಬೀದಿಯಲ್ಲಿ ರಾಗಿ, ಹುರುಳಿ, ಹಸಿಮೆಣಸಿನ ರಾಶಿಗಳ ನಡುವೆ ಬಂಡೂರು ಕುರಿಯ ಮರಿಯೊಂದನ್ನು ಹೆಗಲ ಮೇಲೆ ಹೊತ್ತವನೊಬ್ಬ ದಾರಿ ಮಾಡಿಕೊಂಡು ಹೋಗುತ್ತಿದ್ದಾನೆ. ಆ ತಳಿಗೆ ಹೆಸರು ಕೊಟ್ಟ ಬಂಡೂರು ಇದೇ ತಾಲ್ಲೂಕಿನ ಹಳ್ಳಿ. ನಾವು ಹೋದದ್ದು ಮೇಷ್ಟ್ರ ಹಳೆಯ ಶಿಷ್ಯನೊಬ್ಬನ ಮನೆಗೆ. ಅಟ್ಟದ ಮೇಲಿನಿಂದ ಅವನು ಇಳಿಸಿಕೊಟ್ಟದ್ದು ಕಾಗದದ ತಂತಿ. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ, ನಡುವೆ ಪೋಣಿಸಿದ ಕಾರ್ಡು, ಕವರು, ಇನ್‌ಲ್ಯಾಂಡುಗಳು. ಮದುವೆಯ ಕರೆ, ಸಾವಿನ ಸುದ್ದಿ, ಸಾಲದ ನೆನಪೋಲೆ ಎಲ್ಲ ಒಂದೇ ತಂತಿಯಲ್ಲಿ. ಮೂಲೆಗಳನ್ನು ಬೆಳ್ಳಿಮೀನು ಹುಳ ತಿಂದಿದೆ, ತಂತಿ ಹಾದುಹೋದ ತೂತಿನ ಸುತ್ತ ತುಕ್ಕಿನ ಕಂದು.

ಮೇಷ್ಟ್ರು ನೆಲದ ಮೇಲೆ ಪಂಚೆ ಹಾಸಿ ಒಂದೊಂದನ್ನೇ ಬಿಡಿಸಿ ಇಡುತ್ತಾರೆ. ಒಳಗಿನ ಬರಹವನ್ನು ಓದುವುದಿಲ್ಲ. "ಅದು ಅವರ ಮನೆ ಮಾತು," ಅಂತ ಪಕ್ಕಕ್ಕೆ ಮಡಿಸುತ್ತಾರೆ. ಮುಂದಿನ ಮುದ್ರೆ ಕಾಗದ ಹೊರಟ ಊರಿನದು, ಬೆನ್ನ ಮೇಲಿನದು ಬಂದು ಸೇರಿದ ಊರಿನದು. ಎರಡು ತಾರೀಖಿನ ನಡುವೆ ಎಷ್ಟು ದಿನ ಅಂತ ನೋಡಿದರೆ ಆ ಕಾಲದ ದಾರಿಯ ದೂರ ಅರ್ಥವಾಗುತ್ತದೆ. ಕೆಲವು ವಿಳಾಸಗಳಲ್ಲಿ ಮಳವಳ್ಳಿ ತಾಲ್ಲೂಕು, ಮೈಸೂರು ಜಿಲ್ಲೆ ಎಂದಿದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಹಾಗಾಗಿ ಅವು ಅದಕ್ಕೂ ಹಿಂದಿನವಿರಬೇಕು, ಇಲ್ಲವೇ ಹಳೆಯ ರೂಢಿ ಬಿಡದ ಕೈ ಬರೆದದ್ದು. ಯಾವುದು ಅಂತ ತೀರ್ಮಾನಿಸಲು ಮತ್ತೆ ಮುದ್ರೆಯೇ ಬೇಕು. ಇನ್ನೂ ಹಿಂದಕ್ಕೆ ಹೋದರೆ ಈ ಸೀಮೆಯಲ್ಲಿ ಓಡಾಡಿದ್ದು ಮೈಸೂರು ಅರಸರ ಸ್ವಂತ ಅಂಚೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ, ಹರಿಕಾರರ ಕಾಲ್ನಡಿಗೆಯಲ್ಲಿ ಮೊದಲಾಗಿ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಮೇಷ್ಟ್ರಿಗೆ ಇನ್ನೊಂದು ಕನಸಿದೆ, ಶಿವನಸಮುದ್ರದ ಕವರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿದ ಆ ಜಾಗದಲ್ಲಿ, ಬ್ಲಫ್ ಎಂದು ಕರೆಯುವ ವಸತಿಯಲ್ಲಿ, ಪರದೇಶದ ಎಂಜಿನಿಯರುಗಳಿದ್ದರು. ಅವರು ಮನೆಗೆ ಬರೆದ ಕಾಗದಗಳು ಲೋಕದ ಯಾವುದೋ ಅಟ್ಟದಲ್ಲಿ ಇದ್ದಾವು ಅನ್ನುವುದು ಮೇಷ್ಟ್ರ ನಂಬಿಕೆ.

ತಂತಿಯ ಅರ್ಧಕ್ಕೆ ಬಂದಾಗ ಮೇಷ್ಟ್ರ ಕೈ ನಿಧಾನವಾಗುತ್ತದೆ. ಅಲ್ಲಿಂದ ಮುಂದೆ ಕವರುಗಳೆಲ್ಲ ಬಲಮೂಲೆಯಲ್ಲಿ ಹರಿದಿವೆ. ಮನೆಯ ಹುಡುಗರು ಶಾಲೆಯ ಆಲ್ಬಮ್ಮಿಗೆಂದು ಚೀಟಿ ಕಿತ್ತುಕೊಂಡಿದ್ದಾರೆ, ಮುದ್ರೆಯ ಅರ್ಧಚಂದ್ರ ಮಾತ್ರ ಕವರಿನ ಮೇಲೆ ಉಳಿದಿದೆ. ಶಿಷ್ಯ ತಲೆ ತಗ್ಗಿಸಿದ. ಮೇಷ್ಟ್ರು ಅವನ ಬೆನ್ನು ತಟ್ಟಿದರು, ಮಾತಾಡಲಿಲ್ಲ. ಉಳಿದ ಅರ್ಧಗಳನ್ನೂ ಒಂದೊಂದಾಗಿ ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಈಗಿನ ಕಾಗದಗಳಲ್ಲಿ ಮುದ್ರೆಯೇ ಅಪರೂಪ. ಬಾರ್‌ಕೋಡಿನ ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಕೂಡ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಕೆಲಸ ಬೇಗ ಆಗುತ್ತದೆ, ಅದು ಒಳ್ಳೆಯದೇ. ಆದರೆ ಊರ ಹೆಸರನ್ನೂ ಅಂಕಿಯನ್ನೂ ಕೈಯಿಂದ ಕಾಗದದ ಮೇಲೆ ಒತ್ತುವ ಕಾಲ ಮುಗಿಯುತ್ತ ಬಂದಿದೆ, ಒತ್ತಿದ್ದೆಲ್ಲ ಅಟ್ಟಗಳ ಮೇಲೆ ಹುಳ ತಿನ್ನುತ್ತಿದೆ.

ನಿಮ್ಮ ಮನೆಯಲ್ಲೂ ಅಂಥದೊಂದು ತಂತಿಯೋ ಟ್ರಂಕೋ ಇದ್ದರೆ ಈ ಬೇಸಿಗೆಯಲ್ಲಿ ಇಳಿಸಿ ನೋಡಿ. ಚೀಟಿ ಚೆನ್ನಾಗಿದೆ ಅಂತ ಕೀಳಬೇಡಿ, ನೀರಲ್ಲಿ ನೆನೆಸಬೇಡಿ, ಕವರನ್ನು ಇಡಿಯಾಗಿಯೇ ಇಡಿ. ಕತ್ತರಿಸಲೇಬೇಕಾದರೆ ಮುದ್ರೆ ಪೂರ್ತಿ ಬರುವಷ್ಟು ಕಾಗದವನ್ನು ಸುತ್ತ ಬಿಟ್ಟು ಕತ್ತರಿಸಿ, ಹಿಂಬದಿಯ ಮುದ್ರೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ಮತ್ತೆ ಒಂದು ದಿನ ನಿಮ್ಮೂರಿನ ಅಂಚೆ ಕಚೇರಿಗೆ ಹೋಗಿ ನಿಮ್ಮ ಹೆಸರಿಗೇ ಒಂದು ಕಾರ್ಡು ಬರೆದು, ಮುದ್ರೆಯನ್ನು ಒಸಿ ನಿಧಾನಕ್ಕೆ ಒತ್ತಿಕೊಡಿ ಅಂತ ಕೇಳಿ. ಒತ್ತಿಕೊಡುತ್ತಾರೆ.